ನನ್ನ ಕಂಪ್ಯೂಟರಿನ ನಕ್ಷೆ, ಅವರ ಫೋನಿನ ನಕ್ಷೆ

ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ ಕಲಿಯಲು ಬರುವವರು ನನ್ನನ್ನು ಮೊದಲು ಕೇಳುವುದು ಇಷ್ಟೇ: ಕಂಪ್ಯೂಟರಿಗೆ ಹಾಕಿಕೊಳ್ಳುವ ತಂತ್ರಾಂಶ ಒಳ್ಳೆಯದೋ, ವೆಬ್‌ನಲ್ಲೇ ತೆರೆಯುವಂಥದ್ದೋ? ವಿಜಯನಗರ ಬಡಾವಣೆಯ ಮಹಡಿ ಕೋಣೆಯೊಂದರಲ್ಲಿ ಸೈಟುಗಳ ನಕ್ಷೆ ಮಾಡಿಕೊಡುತ್ತಾ ಬದುಕು ಕಟ್ಟಿಕೊಂಡವನು ನಾನು. ಯಾರೂ ಕಲಿಸಲಿಲ್ಲ. ಹಳೆಯ ಕಂಪ್ಯೂಟರೊಂದನ್ನು ಚೌಕಾಸಿ ಮಾಡಿ ತಂದು, ಕೆಡಿಸುತ್ತಾ ಕೆಡಿಸುತ್ತಾ ಕಲಿತೆ. ಹಾಗಾಗಿ ಬಹಳ ಕಾಲ ನನ್ನ ಉತ್ತರ ಒಂದೇ ಇತ್ತು. ಹಳೇ ಗ್ರಾಮನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸುವುದು, ಅಳೆಯುವುದು, ತಿದ್ದುವುದು ಎಲ್ಲ ಸ್ವಂತ ಕಂಪ್ಯೂಟರಿನಲ್ಲೇ ಆಗಬೇಕು; ವೆಬ್ಬಿನದು ಬರೀ ತೋರಿಸುವುದಕ್ಕೆ.

ಆ ಉತ್ತರವನ್ನು ಬದಲಿಸಿದವರು ಹತ್ತಿರದ ಶ್ರೀಗಂಧದ ಕಾವಲು ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಂಗಸು. ಅವರ ಮನೆಯ ಹಿಂದೆ ಮಳೆನೀರು ಹರಿಯುವ ರಾಜಕಾಲುವೆ. ಸರ್ವೆಯವರು ಬರುತ್ತಾರೆ, ಕಾಲುವೆ ಜಾಗದಲ್ಲಿರುವುದನ್ನೆಲ್ಲ ಒಡೆಯುತ್ತಾರೆ ಎಂದು ಎರಡು ವರ್ಷದಿಂದ ಬೀದಿಯಲ್ಲಿ ಮಾತಿತ್ತು.

“ನಮ್ಮನೆ ಕಾಲುವೆ ಜಾಗದ ಒಳಗಿದೆಯೋ ಹೊರಗಿದೆಯೋ, ಅಷ್ಟು ಹೇಳ್ಬಿಡಿ ಸಾರ್,” ಎಂದರು.

ಹಳೆಯ ನಕ್ಷೆಯನ್ನು ಇಂದಿನ ನೆಲಕ್ಕೆ ಹೊಂದಿಸಬೇಕಾದರೆ ಎರಡರಲ್ಲೂ ಇರುವ ನಾಲ್ಕಾರು ಗುರುತು ಬೇಕು. ಅವರ ಬೀದಿಯ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಗಡಿಕಲ್ಲು ಇತ್ತು. ನಕ್ಷೆಯಲ್ಲೂ ಗಡಿಕಲ್ಲು ಇತ್ತು. ಇದಕ್ಕಿಂತ ಒಳ್ಳೆಯ ಗುರುತು ಸಿಕ್ಕೀತೇ ಎಂದುಕೊಂಡೆ. ನಕ್ಷೆ ಕೂರಿಸಿದಾಗ ಆ ಕಲ್ಲಿನ ಹತ್ತಿರ ತಪ್ಪು ಜಾಸ್ತಿ ಎಂದು ಪರದೆ ತೋರಿಸಿತು. ಹಳೇ ನಕ್ಷೆ, ಇದ್ದದ್ದೇ ಎಂದು ಬಿಟ್ಟೆ. ನೀವು ಹಾಗೆ ಬಿಡಬೇಡಿ.

ಕಾಲುವೆಯ ಗೆರೆ ಅವರ ಅಡುಗೆಮನೆಯನ್ನು ಸೀಳಿಕೊಂಡು ಹೋಗಿತ್ತು. ಹೇಳಿದೆ. ಅವರು ಕೇಳಿದರು: “ಒಲೆ ಇರೋ ಕಡೆಯಾ, ಸಿಂಕ್ ಇರೋ ಕಡೆಯಾ?”

“ಒಲೆ ಕಡೆ,” ಎಂದೆ. ಎದ್ದು ಹೋದರು.

ನನ್ನ ಜೊತೆ ಕೆಲಸ ಮಾಡುವ ಗದಗ ಕಡೆಯ ಹೆಣ್ಣುಮಗಳಿಗೆ ಅದು ಸರಿಕಾಣಲಿಲ್ಲ. “ನಿಮ್ಮ ಡಬ್ಬಿಯೊಳಗ ಇಟಗೊಂಡು ಕುಂತ್ರ ಅವ್ರು ಹೆಂಗ್ ನೋಡ್ಬೇಕ್ರೀ ಸರ್? ವೆಬ್‌ಗೆ ಹಾಕಿ ಲಿಂಕ್ ಕಳಸ್ತೀನಿ. ಅವ್ರ ಮನಿ, ಅವ್ರೂ ನೋಡ್ಲಿ.”

“ನೋಡಿ ಏನ್ ಮಾಡ್ತಾರೆ, ತಾಯಿ?”

“ನೀವು ನೋಡಿ ಏನ್ ಮಾಡೀರಿ?”

ಲಿಂಕ್ ಹೋಯಿತು. ಸಂಜೆ ಫೋನು ಬಂತು.

“ಸಾರ್, ಕಲ್ಲಿಗೆ ಚುಕ್ಕೆ ಇಟ್ಟಿದೀರಲ್ಲ, ಆ ಕಲ್ಲು ಮೊದ್ಲು ಅಲ್ಲಿರ್ಲಿಲ್ಲ. ರೋಡ್ ಅಗಲ ಮಾಡ್ವಾಗ ಎತ್ತಿಟ್ಟಿದ್ದು. ಪೂಜೆ ಮಾಡೋ ಕಲ್ಲು, ಎಸೆಯಕ್ಕಾಗತ್ತಾ? ನಮ್ಮನೆಯವ್ರು, ಇನ್ನೂ ಮೂರು ಜನ ಸೇರಿ ಹೊತ್ಕೊಂಡ್ ಬಂದು, ತೆಂಗಿನಕಾಯಿ ಒಡೆದು ಮೂಲೇಲಿ ನಿಲ್ಸಿದ್ರು. ಆಮೇಲೆ ಒಂದ್ ವಾರ ಇವ್ರು ಸೊಂಟ ಹಿಡ್ಕೊಂಡ್ ಮಲಗಿದ್ರು. ನಾನೇ ಎಣ್ಣೆ ಹಚ್ತಿದ್ದೆ.” ಕೊನೆಗೆ ಹೇಳಿದರು, “ಈಗಿದ್ದಿದ್ರೆ ಅವ್ರೇ ಬಂದು ಹೇಳ್ತಿದ್ರು.”

ನಕ್ಷೆ ಕೂರಿಸಲು ಸ್ವಂತ ಕಂಪ್ಯೂಟರು, ನೆಲ ಬಲ್ಲವರು ಅದರ ತಪ್ಪು ಹಿಡಿಯಲು ವೆಬ್, ಎರಡೂ ಬೇಕು ಎಂದು ನಾನೀಗ ಹೇಳುವುದು ಆ ಫೋನು ಬಂದಮೇಲೆಯೇ. ಮರುದಿನ ಬೆಳಿಗ್ಗೆ ಹೋದೆ. ಅವರೇ ಮುಂದೆ ಮುಂದೆ ನಡೆದು ಗುಡಿಯ ಹಿಂದಿನ ಹಳೇ ಕಲ್ಲುಬಾವಿ ತೋರಿಸಿದರು. ಹಳೆಯ ನಕ್ಷೆಯಲ್ಲೂ ಆ ಬಾವಿ ಇತ್ತು.

“ಇದನ್ನೂ ಯಾರಾದ್ರೂ ಎತ್ತಿಟ್ಟಿದಾರಾ?” ಎಂದೆ.

“ಬಾವೀನ ಯಾರ್ ಹೊತ್ಕೊಂಡ್ ಹೋಗ್ತಾರೆ ಸಾರ್?” ಎಂದು ನಕ್ಕರು.

ಕಲ್ಲನ್ನು ಕೈಬಿಟ್ಟು ಬಾವಿಯನ್ನು ಹಿಡಿದು, ನನ್ನ ಕಂಪ್ಯೂಟರಿನಲ್ಲಿ ಮತ್ತೆ ನಕ್ಷೆ ಕೂರಿಸಿದೆ. ಗೆರೆ ಅಡುಗೆಮನೆಯಿಂದ ಆಚೆ ಸರಿಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಮಾತ್ರ ಕಾಲುವೆಯ ಪಾಲಿಗೆ ಉಳಿಯಿತು. ಇದೇ ಕೊನೆಯ ಮಾತಲ್ಲ ಎಂದೂ ಹೇಳಿದೆ: ಸರ್ವೆಯವರು ಬಂದರೆ ಮೊದಲು ಕಲ್ಲಿನ ವಿಷಯ ಹೇಳಿ, ನಕ್ಷೆ ಆಮೇಲೆ ತೆಗೆಯಿರಿ, ಮೊದಲೇ ಕಾಗದ ಹಿಡಿದರೆ ಅವರು ಕಾಗದದ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಅವರು ಹಾಗೇ ಮಾಡಿದರು. ಸರ್ವೆಯವರು ಬಾವಿಯಿಂದಲೇ ಅಳೆದು, ಅಡುಗೆಮನೆಯ ಗೋಡೆಯಿಂದ ಆಚೆಗೆ, ಬಟ್ಟೆ ಒಗೆಯುವ ಕಲ್ಲಿನ ಈಚೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಅಂದೇ ನನಗೆ ಫೋನು.

“ಸಾರ್, ಒಡೆಯೋ ಮನೆ ಅಂತ ಎರಡು ವರ್ಷದಿಂದ ಅಡುಗೆಮನೆಗೆ ಬಣ್ಣ ಹೊಡ್ಸಿಲ್ಲ. ಈಗ ಹೊಡ್ಸಬೋದಾ?”

ಹೊಡೆಸಿ ಎಂದೆ. ಹಬ್ಬದ ಹಿಂದಿನ ವಾರ ಬೇಡ, ಆಗ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ನಾಳೆಯೇ ಶುರು ಮಾಡಿ.