ರೈಡರ್ ತೂಕ ಎಷ್ಟ್ರೀ?

ಕಳೆದ ತಿಂಗಳು ಫೋನಿನಲ್ಲಿ ಒಬ್ಬ ಅಪರಿಚಿತ ತೂಕ ಕೇಳಿದ. ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ. ನಲವತ್ತೇಳು ಕಿಲೋ.

ಎಪ್ಪತ್ತೊಂದರ ಹೆಂಗಸಿನ ತೂಕ ಯಾರಿಗೆ ಬೇಕು? ಡಾಕ್ಟರಿಗೆ ಮಾತ್ರ. ಇವನು ಡಾಕ್ಟರ್ ಅಲ್ಲ, ಹುಬ್ಬಳ್ಳಿಯ ಒಂದು ಸೈಕಲ್ ಅಂಗಡಿಯವನು. ಅವನು ಕೇಳಿದ್ದು ನನ್ನ ತೂಕವನ್ನೂ ಅಲ್ಲ. "ರೈಡರ್ ತೂಕ ಎಷ್ಟ್ರೀ, ಮೇಡಂ?" ಎಂದಿದ್ದ. ರೈಡರ್ ಅಂದರೆ ನಮ್ಮ ಸವಿತಾ. ಅವಳು ಅರವತ್ತೆಂಟು ಕಿಲೋ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬಂದದ್ದು ಮಾತ್ರ ನಲವತ್ತೇಳು.

ಸವಿತಾ ತೀರಿಹೋದ ನನ್ನ ತಂಗಿಯ ಮಗಳು. ಕಲಘಟಗಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಹತ್ತಿರದ ತಂಬೂರು ಎಂಬ ಹಳ್ಳಿಯ ಶಾಲೆಯಲ್ಲಿ ಪಿ.ಟಿ. ಟೀಚರ್. ಬಸ್ಸಿನ ಟೈಮಿಗೂ ಶಾಲೆಯ ಗಂಟೆಗೂ ಎಂದೂ ತಾಳೆಯಾಗುವುದಿಲ್ಲ ಎಂದು ಸೆಕೆಂಡ್‌ಹ್ಯಾಂಡ್ ಮೌಂಟನ್ ಬೈಕ್ ಒಂದನ್ನು ಕೊಂಡಳು. ಕಾಡಿನ ಅಂಚಿನ ಒಳಹಾದಿ ಹಿಡಿದು ಹೋಗುತ್ತಾಳೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡಿ ಆ ಹಾದಿ ಹಪ್ಪಳ ಮುರಿದಂತಾಗಿದೆ. ಬೈಕಿನ ಸಸ್ಪೆನ್ಷನ್ ಫೋರ್ಕ್ (ಮುಂದಿನ ಗಾಲಿಯನ್ನು ಹಿಡಿದಿರುವ, ಗುಂಡಿ ಬಂದಾಗ ಕುಗ್ಗಿ ಏಳುವ ಆ ಎರಡು ಕಾಲುಗಳು) ತುಕ್ಕು ಹಿಡಿದು ಕಂಬದ ಹಾಗೆ ನಿಂತುಬಿಟ್ಟಿತ್ತು. ಪ್ರತಿ ಗುಂಡಿಯೂ ನೇರ ಅವಳ ಮಣಿಕಟ್ಟಿಗೆ. ಸಂಜೆ ಬಂದವಳು ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು.

"ಮೌಶಿ, ನಿನ್ನ ಕಡೆ ಟೈಮ್ ಅದ, ಇಂಗ್ಲಿಷ್ ಅದ. ಹೊಸಾ ಫೋರ್ಕ್ ನೀನ ಆರಿಸು" ಎಂದಳು.

ಆರಿಸಲು ಕೂತೆ. ಮೂರು ವಾರ. ಜಗತ್ತಿನ ಯಾವ್ಯಾವುದೋ ಬೆಟ್ಟದಲ್ಲಿ ಬಿದ್ದೆದ್ದ ಹುಡುಗರು ಬರೆದದ್ದನ್ನೆಲ್ಲ ಓದಿದೆ. ಫೋರ್ಕಿನೊಳಗೆ ಉಕ್ಕಿನ ಸ್ಪ್ರಿಂಗ್ ಇರಬೇಕೋ ಗಾಳಿ ಇರಬೇಕೋ? ಎಷ್ಟು ಕುಗ್ಗಬೇಕು? ನೂರು ಮಿಲಿಮೀಟರೋ, ನೂರಿಪ್ಪತ್ತೋ? ಹೆಚ್ಚು ಕುಗ್ಗಿದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಅಲ್ಲವಂತೆ. ನೂರಕ್ಕೆಂದು ಮಾಡಿದ ಬೈಕಿಗೆ ನೂರನಲವತ್ತರದ್ದು ಹಾಕಿದರೆ ಮೂತಿ ಎತ್ತಿಕೊಂಡು, ಹೇಳಿದ ಕಡೆ ತಿರುಗದೆ ಹೋಗುತ್ತದಂತೆ. (ಅಂಥ ಮನುಷ್ಯರನ್ನು ನೋಡಿದ್ದೇನೆ.)

ಕೊನೆಗೆ ಗಾಳಿಯದೇ ಇರಲಿ ಎಂದು ನಿರ್ಧರಿಸಿದೆ. ಕಾರಣವಿತ್ತು. ಅಗ್ಗದ ಸ್ಪ್ರಿಂಗ್ ಫೋರ್ಕುಗಳನ್ನು ಎಪ್ಪತ್ತೈದು ಕಿಲೋದ ಗಂಡಸನ್ನು ಲೆಕ್ಕವಿಟ್ಟು ಮಾಡಿರುತ್ತಾರೆ. ಹಗುರ ಇರುವವರು ಕೂತರೆ ಅದು ಅಲುಗುವುದೇ ಇಲ್ಲ. ಗಾಳಿಯದು ಹಾಗಲ್ಲ. ಪುಟ್ಟ ಪಂಪಿನಿಂದ ಕೂರುವವರ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಬಹುದು, ಇಳಿಸಬಹುದು. "ಹಗುರ ಇರುವವರಿಗೆ ಇದೇ ಸರಿ" ಎಂದು ಯಾರೋ ಬರೆದಿದ್ದ ಸಾಲನ್ನು ನಾನು ಎರಡು ಸಲ ಓದಿದೆ.

ಸವಿತಾ ಹಗುರಳೇ? ಖೋಖೋದಲ್ಲಿ ಅವಳು ಬೆನ್ನಿಗೆ ಒಂದು ಕೊಟ್ಟರೆ ಹುಡುಗಿಯರು ಮೂರು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾರೆ. ಮತ್ತೆ ನಾನು ಯಾರಿಗಾಗಿ ಓದುತ್ತಿದ್ದೆ?

ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ನನಗೆ ಸೈಕಲ್ ಕಲಿಸಿದವರು ಒಬ್ಬ ಸಿಸ್ಟರ್. ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಪಕ್ಕದಲ್ಲೇ ಓಡುತ್ತಿದ್ದರು. "ಕಾಲು ನೋಡಬೇಡ ಚೈಲ್ಡ್, ಪೇರಲ ಗಿಡ ನೋಡು" ಎನ್ನುತ್ತಿದ್ದರು. ಅಂಗಳದ ತುದಿಯಲ್ಲಿ ಒಂದು ಪೇರಲ ಗಿಡವಿತ್ತು. ಅದನ್ನೇ ನೋಡುತ್ತ ಒಂದು ದಿನ ಅದರ ತನಕ ತಲುಪಿಯೂಬಿಟ್ಟೆ. ಅಪ್ಪ ಖುಷಿಯಾಗಿ ಒಂದು ಸೈಕಲ್ ಕೊಡಿಸಿದರು. ಬೇಸಿಗೆ ರಜೆಗೆ ಊರಿಗೆ ಬಂದಾಗ ಗೆಳತಿಯರಿಬ್ಬರ ಜೊತೆ ಭಾನುವಾರ ತಂಬೂರಿನ ಕೆರೆಯ ತನಕ ಹೋಗುವುದೆಂದು ನಿಶ್ಚಯವಾಯಿತು. ಬುತ್ತಿಗೆ ಏನು ಎಂಬುದೂ ನಿಶ್ಚಯವಾಗಿತ್ತು.

ಶುಕ್ರವಾರ ಸೋದರತ್ತೆ ಬಂದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ದೊಡ್ಡಾಕಿ ಆಗ್ಯಾಳ. ಇನ್ನ ಸೈಕಲ್ ಸಾಕು" ಎಂದರು. ಅಷ್ಟೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸೈಕಲ್ ಅಣ್ಣನದಾಯಿತು. ಅಣ್ಣ ಒಳ್ಳೆಯವನೇ. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸಂತೆಗೆ ಒಯ್ಯುತ್ತಿದ್ದ. ಕ್ಯಾರಿಯರ್ ಮೇಲೆ ಕೂತವಳಿಗೆ ಏನು ಕಾಣುತ್ತದೆ? ಅಣ್ಣನ ಅಂಗಿಯ ಬೆನ್ನು.

ಆಮೇಲೆ ತಂಬೂರಿಗೆ ಹೋಗಿಲ್ಲವೆಂದಲ್ಲ. ಬಸ್ಸಿನಲ್ಲಿ, ಜೀಪಿನಲ್ಲಿ, ಯಾರದೋ ಮದುವೆಯ ಟೆಂಪೋದಲ್ಲಿ ಹೋಗಿದ್ದೇನೆ. ಪ್ರತಿ ಸಲವೂ ಯಾರೋ ಒಯ್ದಿದ್ದಾರೆ. ನಾನು ಹೋಗಿಲ್ಲ.

ಇರಲಿ. ನಲವತ್ತೇಳು ಕಿಲೋಗೆ ಗಾಳಿ ತುಂಬಿದ ಫೋರ್ಕನ್ನು ಅಂಗಡಿಯವನು ನಮ್ಮ ಕಡೆಯ ರೂಢಿಯಂತೆ ಕಲಘಟಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. ಇಳಿಸಿಕೊಂಡು ದಾದಾಪೀರನ ಶೆಡ್ಡಿಗೆ ಒಯ್ದೆವು. ಶೆಡ್ಡಿನ ಅರ್ಧದಲ್ಲಿ ದಾದಾಪೀರ್ ಸೈಕಲ್ ರಿಪೇರಿ ಮಾಡುತ್ತಾನೆ. ಇನ್ನರ್ಧದಲ್ಲಿ ಅವನ ಅಣ್ಣ ತೊಟ್ಟಿಲಿಗೆ ಬಣ್ಣ ಬರೆಯುತ್ತಾನೆ. ಒಂದು ಕಡೆ ಗ್ರೀಸ್ ವಾಸನೆ, ಇನ್ನೊಂದು ಕಡೆ ಅರಗಿನ ವಾಸನೆ.

ಫೋರ್ಕ್ ಕೂರಿಸಿದ್ದಾಯಿತು. ಸವಿತಾ ಹತ್ತಿ ಹೊರಟಳು. ಶೆಡ್ಡಿನೆದುರಿನ ರೋಡ್ ಹಂಪ್ ಬಂತು. ಟಕ್.

ಫೋರ್ಕ್ ಪೂರ್ತಿ ಕೆಳಗಿಳಿದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಸವಿತಾ ಮಣಿಕಟ್ಟು ಹಿಡಿದುಕೊಂಡು ವಾಪಸ್ ಬಂದಳು. ಮುಖ ಬಿಳಿಚಿತ್ತು.

"ಹಳೇದ ಪಾಡ ಇತ್ತಲ್ಲ ಮೌಶಿ. ಇಷ್ಟ ದಿನಾ ಏನ್ ಓದಿದಿ?"

ದಾದಾಪೀರ್ ಪಂಪ್ ಹಚ್ಚಿ ಅದರ ಮುಳ್ಳು ನೋಡಿದ. "ಇದು ನಲವತ್ತೈದು, ಐವತ್ತು ಕಿಲೋದವರಿಗೆ ಹಾಕಿದ ಗಾಳಿ ಐತ್ರಿ. ಯಾರ ತೂಕ ಹೇಳೀರಿ?"

ಸವಿತಾ ನನ್ನ ಕಡೆ ನೋಡಿದಳು. ನಾನು ತೊಟ್ಟಿಲ ಮೇಲೆ ಬರೆದ ಗಿಳಿಯ ಕಡೆ ನೋಡಿದೆ. ಸಾರಿ ಅನ್ನಬೇಕಿತ್ತು. ಕಾನ್ವೆಂಟಿನಲ್ಲಿ ಮೊದಲು ಕಲಿಸಿದ ಪದವೇ ಅದು. ಬರಲಿಲ್ಲ. ಅವಳ ಮಣಿಕಟ್ಟಿಗಾಗಿ ಶುರುವಾದ ಕೆಲಸದಲ್ಲಿ ನಾನು ನನ್ನ ಆಸೆಯನ್ನು ತುಂಬಿ ಕಳಿಸಿದ್ದೆ. ಪೆಟ್ಟು ಬಿದ್ದದ್ದು ಅವಳಿಗೆ.

"ನನ್ನದ" ಎಂದೆ.

ತೊಟ್ಟಿಲ ಕಡೆಯಿಂದ ದಾದಾಪೀರನ ಅಣ್ಣ ಕುಂಚ ಎತ್ತದೆಯೇ ಅಂದ: "ತಪ್ಪೇನೈತಿ ಅದರಾಗ? ಹೆಸರಿಡೂ ದಿನಾ ತೊಟ್ಟಿಲದಾಗ ಮೊದಲ ಕೂಸನ್ನ ಹಾಕ್ತಾರೇನ್ರಿ? ಗುಂಡಕಲ್ಲಿಗೆ ಕುಲಾವಿ ಹಾಕಿ ಮಲಗಸ್ತಾರ. ಅದನ್ನ ತೂಗಿದ ಮ್ಯಾಲೇ ಕೂಸು."

"ಅಂದ್ರ ನಮ್ಮ ಮೌಶಿ ಗುಂಡಕಲ್ಲು?" ಸವಿತಾ ಕೇಳಿದಳು. ಸಿಟ್ಟು ಅರ್ಧ ಇಳಿದಿತ್ತು.

"ಕಲ್ಲಂದ್ರ ಸಿಟ್ಟ ಬರ್ತದೇನೋ ಅಕ್ಕಾರಿಗೆ. ಆದ್ರ ಕೂಸು ನೀವ ಅಲ್ರಿ ಟೀಚರ್, ಇಷ್ಟ ದೊಡ್ಡ ಕೂಸಿಗೆ ನಗಬೇಕು ನೋಡ್ರಿ" ಎಂದ ಅವನು.

ಸವಿತಾ ಹ್ಯಾಂಡಲ್ ಹಿಡಿದು ನನ್ನ ಕಡೆ ತಿರುಗಿಸಿದಳು. "ಹತ್ತು."

"ಸೀರಿ ಉಟ್ಟೀನಿ."

"ಕಚ್ಚಿ ಹಾಕು. ನಾ ಹಿಡೀತೀನಿ."

ಸೀಟು ಇಳಿಸಿದರು. ಸೀರೆ ಎತ್ತಿ ಸಿಕ್ಕಿಸಿದೆ. ಒಂದು ಕಡೆ ಸವಿತಾ, ಒಂದು ಕಡೆ ದಾದಾಪೀರ್. ಕೂತೆ. ಫೋರ್ಕ್ ಮೆತ್ತಗೆ ಒಂದಿಷ್ಟು ಇಳಿದು ನಿಂತಿತು, ಯಾರೋ ಕೈಹಿಡಿದು ಕೂರಿಸಿದ ಹಾಗೆ. ಅದರ ಕಾಲಿಗೆ ಒಂದು ಕರಿ ರಬ್ಬರ್ ಉಂಗುರ ಇರುತ್ತದೆ. ಕೂತಾಗ ಅದು ಎಲ್ಲಿಯ ತನಕ ಸರಿಯಿತೆಂದು ನೋಡಿ ಗಾಳಿ ಸರಿಯಿದೆಯೋ ಇಲ್ಲವೋ ಹೇಳುತ್ತಾರೆ. ದಾದಾಪೀರ್ ಮೊಣಕಾಲೂರಿ ಅಳತೆಪಟ್ಟಿ ಹಿಡಿದ.

"ಅಗದೀ ಬರೋಬ್ಬರಿ ಐತ್ರಿ. ಒಂದ ಕೂದಲಾ ಹೆಚ್ಚಿಲ್ಲ, ಕಡಿಮಿಲ್ಲ."

ಶೆಡ್ಡಿನಿಂದ ಹಂಪ್‌ನ ತನಕ ಸವಿತಾ ಪಕ್ಕದಲ್ಲೇ ನಡೆಯುತ್ತ ಬಂದಳು. ಹಂಪ್ ಬಂತು. ಟಕ್ ಅನ್ನಲಿಲ್ಲ. ಬಗ್ಗಿತು, ಎದ್ದಿತು, ಅಷ್ಟೇ. ನನ್ನ ಬ್ಲೌಸಿನಿಂದ ಹಿಡಿದು ಕನ್ನಡಕದ ತನಕ ಜೀವನದಲ್ಲಿ ಯಾವುದೂ ಸರಿಯಾಗಿ ನನ್ನ ಅಳತೆಗೆ ಬಂದದ್ದಿಲ್ಲ. ಇದು ಬಂದಿತ್ತು. ಕಾಲು ನೋಡಲಿಲ್ಲ. ದೂರದಲ್ಲಿ ರಸ್ತೆ ಕಾಡಿನ ಕಡೆ ತಿರುಗುವಲ್ಲಿ ಒಂದು ಮತ್ತಿಮರವಿದೆ. ಅದನ್ನೇ ನೋಡಿದೆ.

"ಸಾಕು ಮೌಶಿ, ಇಳಿ. ನಾಳೆ ಶಾಲಿಗೆ ಹೋಗಬೇಕು."

ಇಳಿದೆ. ದಾದಾಪೀರ್ ಪಂಪ್ ಒತ್ತತೊಡಗಿದ. ನಲವತ್ತೇಳರಿಂದ ಅರವತ್ತೆಂಟಕ್ಕೆ ಏರಿಸಬೇಕಲ್ಲ. ನಾನು ಪಕ್ಕದಲ್ಲಿ ನಿಂತು ಚೀಲ ಹಿಡಿದುಕೊಂಡು ನೋಡುತ್ತಿದ್ದೆ. ಅವನು ಒತ್ತಿದಷ್ಟೂ ಅದು ನನ್ನದಲ್ಲದ ಸೈಕಲ್ ಆಗುತ್ತಿತ್ತು.

ಸವಿತಾಳ ಮಣಿಕಟ್ಟು ಈಗ ವಾಸಿ. ಬಿಸಿನೀರಿನ ಬಟ್ಟೆ ಒಲೆಯ ಹಿಂದಿನ ಗೂಟಕ್ಕೆ ಹೋಗಿದೆ. ತಂಬೂರಿನ ಹಾದಿ ಬೆಣ್ಣೆಯ ಹಾಗಿದೆಯಂತೆ. ಕೆರೆಯಲ್ಲಿ ನೀರು ತುಂಬಿದೆಯಂತೆ. ಬಂದು ಹೇಳುತ್ತಾಳೆ, ನಾನು ಕೇಳುತ್ತೇನೆ.

ಫೋರ್ಕಿನ ಜೊತೆ ಬಂದ ಪಂಪ್ ನಮ್ಮ ಮನೆಯಲ್ಲೇ ಇದೆ. ಗಾಳಿ ಇಳಿಸುವುದು ಹೇಗೆಂದು ದಾದಾಪೀರ್ ನಾನು ಕೇಳದೆಯೇ ತೋರಿಸಿಕೊಟ್ಟಿದ್ದಾನೆ. ಒಂದು ಪುಟ್ಟ ಗುಂಡಿ ಒತ್ತಿದರಾಯಿತು. ಅರ್ಧ ನಿಮಿಷದ ಕೆಲಸ. ಭಾನುವಾರ ಶಾಲೆಗೆ ರಜೆ, ಸೈಕಲ್ ಪಡಸಾಲೆಯಲ್ಲಿ ಖಾಲಿ ನಿಂತಿರುತ್ತದೆ, ಸೋದರತ್ತೆ ಹೋಗಿ ಎಷ್ಟೋ ಕಾಲವಾಯಿತು.

ಹಾಗಾದರೆ ನಾನು ಇನ್ನೂ ಯಾರ ಅಪ್ಪಣೆಗೆ ಕಾಯುತ್ತಿದ್ದೇನೆ?