ಏಣಿ ಹಿಡಿದವರು ಮಾತಾಡಬೇಕು

ಹೊಂಗಡಹಳ್ಳದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಎರಡು ವರ್ಷದ ಹಿಂದೆ ಅದು ಪಾಲಾದಾಗ ತೊರೆ ಇರುವ ಭಾಗ ನನ್ನ ಮೈದುನನಿಗೆ ಹೋಯಿತು. "ಮೊದ್ಲೇ ಒಳಗೊಳಗೆ ಮಾತಾಡ್ಕಂಡು ಹೊಡ್ಕಂಡೆ ಕಣೋ" ಎಂದು ನೆಂಟರೆಲ್ಲರ ಎದುರು ಅಂದುಬಿಟ್ಟೆ. ಅಂದಿನಿಂದ ಅವನು ನನ್ನ ಮುಖ ನೋಡುವುದನ್ನೇ ಬಿಟ್ಟ. ನಾನೂ ಬಿಟ್ಟೆ. ನನಗೇನು ಕಮ್ಮಿ ಜಂಬವೇ?

ಆದರೂ ಮೆಣಸಿನ ಕೊಯ್ಲಿನಲ್ಲಿ ಮಾತ್ರ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಗುತ್ತಿದ್ದರು. ಎರಡೂ ಕಡೆಯ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ ಹತ್ತುವವನು ಮೈದುನ, ಕೆಳಗೆ ಏಣಿ ಹಿಡಿಯುವವರು ಅವನ ಅಣ್ಣ, ನಮ್ಮವರು. ದಿನವಿಡೀ ಹರಟೆ. ಕೋಳಿ ವಿಷಯ, ಆನೆ ಬಂದ ವಿಷಯ, ದೋಣಿಗಲ್ಲಿನ ಘಾಟಿ ರಸ್ತೆಯಲ್ಲಿ ಸಿಕ್ಕಿಬಿದ್ದ ಲಾರಿ ಸಾಲು. ಮೇಲಿನವನು ಮಾತಿನ ನಡುವೆ ಬಲಕ್ಕೆ ಬಾಗಿದರೆ ಕೆಳಗಿನವರ ಸೊಂಟ ತಾನಾಗಿ ಎಡಕ್ಕೆ ವಾಲುತ್ತಿತ್ತು. "ಹಿಡ್ಕೋ" ಎಂದು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ.

ಈ ವರ್ಷ ನಮ್ಮವರು ಮಂಡಿ ಊದಿಕೊಂಡು ಮಂಚ ಹಿಡಿದರು. ಮೆಣಸು ಹಣ್ಣಾಗಿ ಉದುರುತ್ತಿತ್ತು, ಆಳು ಸಿಗಲಿಲ್ಲ. "ನೀನೇ ಹೋಗಿ ಹಿಡಿ" ಎಂದರು. ಹೋದೆ. ಅವನು ತುಟಿ ಬಿಚ್ಚದೆ ಹತ್ತಿದ. ನಾನೂ ತುಟಿ ಬಿಚ್ಚದೆ, ಕೈ ಬಿಳುಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದೆ. ಅವನು ಬಾಗಿದಾಗ ನಾನು ಕಲ್ಲಾಗಿ ನಿಂತಿರುತ್ತಿದ್ದೆ. ನಾನು ಕಾಲು ಬದಲಿಸಿದರೆ ಅವನು ಬೆಚ್ಚಿ ಮರ ತಬ್ಬಿಕೊಳ್ಳುತ್ತಿದ್ದ. ಕೊನೆಗೆ ಏಣಿ ಜಾರಿತು. ಇಬ್ಬರಿಗೂ ಜೀವ ಬಾಯಿಗೆ ಬಂತು. ಹೇಗೋ ಇಳಿದು ಬಂದು ನೀರು ಕುಡಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಪಾಪ ಅನ್ನಿಸಿತು.

"ಬಿದ್ರೆ ಬೀಳ್ಲಿ ಅಂತ ನಿಂತಿದ್ದೀಯೇನೋ ಅನ್ಸುತ್ತೆ ಅತ್ಗೆ," ಎಂದ, ನೆಲ ನೋಡುತ್ತಾ. "ಅಣ್ಣ ಆದ್ರೆ ಏನಾದ್ರೂ ಮಾತಾಡ್ತಾ ಇರ್ತಾನೆ. ಕೆಳಗೆ ನಮ್ಮೋರು ಅವ್ರೆ ಅಂತ ಗೊತ್ತಾಯ್ತದೆ."

ಆ ಮಾತು ಎದೆಗೆ ನಾಟಿತು. ಆದರೆ ನನ್ನ ನಾಲಿಗೆ ಮೆತ್ತಗಾಗಬೇಕಲ್ಲ. "ನೋಡಪ್ಪ, ತೊರೆ ವಿಷ್ಯದಲ್ಲಿ ನಾನು ಅಂದಿದ್ದು ಅಂದಿದ್ದೇ. ಈಗ್ಲೂ ಹೊಟ್ಟೆ ಉರೀತೈತೆ. ಹಂಗಂತ ಏಣಿ ಬುಟ್ಬುಡೋಳಲ್ಲ ನಾನು. ಹತ್ತು."

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಆಮೇಲೆ ಹತ್ತಿದ. ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ, "ತೊರೆ ತೊರೆ ಅಂತೀಯಲ್ಲ, ಬ್ಯಾಸ್ಗೇಲಿ ಬಂದು ನೋಡು, ಕಪ್ಪೆ ನೆನೆಯೋವಷ್ಟು ನೀರಿರಲ್ಲ" ಎಂದು ಶುರು ಮಾಡಿದ. "ಮತ್ತೆ ಸ್ಪ್ರಿಂಕ್ಲರ್ ಯಾವ ನೀರಲ್ಲಿ ಓಡ್ಸಿದೆ?" ಎಂದೆ. ಜಗಳ ಮರದ ಅರ್ಧಕ್ಕೆ ಹೋಯಿತು, ತುದಿಗೂ ಹೋಯಿತು. ಅವನ ದನಿ ಹೊರಳಿದ ಕಡೆಗೆ ತಕ್ಕಂತೆ ನನ್ನ ಭುಜವೂ ವಾಲುತ್ತಿದೆ ಎಂಬುದು ಎಷ್ಟೋ ಹೊತ್ತಿನ ಮೇಲೆ ನನ್ನ ಗಮನಕ್ಕೆ ಬಂತು.

ಮೇಲೆ ನೋಡಿದೆ. ಅಷ್ಟೆತ್ತರದಲ್ಲಿ ಏಣಿಯಿಂದ ಎರಡೂ ಕೈ ಬಿಟ್ಟು, ಬಳ್ಳಿಗೆ ಬಾಗಿ ಗೊಂಚಲು ಬಿಡಿಸುತ್ತಾ, ನನ್ನನ್ನು ಬಾಯಿತುಂಬ ಬೈಯುತ್ತಿದ್ದ. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.