ಬರ್ತೀವಿ ಅಂದವರು ನಿರಾಶ್ರಿತರಲ್ಲ

ದೋಣಿಗಲ್ ಇಳಿಜಾರಿನಲ್ಲಿರುವ ನಮ್ಮ ಮನೆಯ ಹಿಂದಿನ ಗುಡ್ಡ ಬಿರುಕು ಬಿಟ್ಟಾಗ ಅಧಿಕಾರಿಯೊಬ್ಬರು ಬಂದು, ಈಗಿಂದೀಗಲೇ ಖಾಲಿ ಮಾಡಿ ಎಂದರು. ಗಂಡ ಗ್ಯಾಸ್ ಸಿಲಿಂಡರನ್ನು ಜೀಪಿಗೆ ಹಾಕಿದರು. ನಾನು ಬಟ್ಟೆ ಗಂಟು ಕಟ್ಟಿದೆ. ಅತ್ತೆ ಬೀಗ ಹಾಕಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, "ಬತ್ತೀವಿ ಕಣವ್ವ" ಎಂದು ಮನೆಗೆ ಹೇಳಿದರು. ನಮ್ಮಲ್ಲಿ ಹೊರಡುವಾಗ ಯಾರೂ ಹೋಗ್ತೀವಿ ಎನ್ನುವುದಿಲ್ಲ. ಜಗಳವಾಡಿ ಋಣ ಹರಿದುಕೊಂಡವರು ಆಡುವ ಮಾತು ಅದು.

ಆನೇಮಹಲ್ ಕಡೆಯ ಶಾಲೆಯೊಂದರ ಕೋಣೆಗೆ ಬೇರೆ ಸಂಸಾರಗಳ ಜೊತೆ ನಮ್ಮನ್ನೂ ತುಂಬಿದರು. ನಿರಾಶ್ರಿತರಾದವರಿಗೆ ಬದಲಿ ನಿವೇಶನ ಕೊಡುತ್ತಾರೆಂದು ಸುದ್ದಿ ಬಂತು. ನಮ್ಮ ಸರದಿ ಬಂದಾಗ ಅದೇ ಅಧಿಕಾರಿ, "ಬರ್ತೀವಿ ಅಂತ ನಿಮ್ಮತ್ತೆ ಅಂದಿದ್ದನ್ನ ನಾನೇ ಕೇಳಿದೀನಿ. ವಾಪಸ್ ಹೋಗೋ ಮನಸ್ಸಿರೋರು ಕಾನೂನಲ್ಲಿ ನಿರಾಶ್ರಿತರು ಹೇಗಾಗ್ತಾರೆ?" ಎಂದರು. ಅವರೂ ಕನ್ನಡದವರೇ. ದಿನಾ ಬೆಳಿಗ್ಗೆ ಹೆಂಡತಿಗೆ ಹೋಗ್ತೀನಿ ಎಂದೇ ಹೇಳಿ ಬರುತ್ತಾರೇನೋ, ಪುಣ್ಯಾತ್ಮರು.

ಗಂಡ ಅತ್ತೆಯ ಮುಂದೆ ಕೂತು ಗೋಗರೆದರು, ಹೋಗ್ತೀವಿ ಅನ್ನೋ ಒಂದು ಮಾತು ತಾನೆ, ಅಂದುಬಿಡು ಎಂದು. ಅತ್ತೆ ಊಟ ಬಿಟ್ಟರು, ಅತ್ತರು. ಕೊನೆಗೆ ನಮಗೊಂದು ಸೂರಾಗಲಿ ಎಂದು ಒಪ್ಪಿದರು. ಅಧಿಕಾರಿಯ ಮೇಜಿನ ಮುಂದೆ ಸೆರಗು ಬಿಗಿಹಿಡಿದು ನಿಂತು, "ಹೋಯ್ತೀವಿ ಸ್ವಾಮಿ. ಆ ಮನೆಗೆ ಇನ್ನು ಬರಾಕಿಲ್ಲ" ಎಂದರು.

ಅಧಿಕಾರಿ ಕುರ್ಚಿಗೆ ಒರಗಿಕೊಂಡರು. "ಮನೆ ಇನ್ನೂ ಬಿದ್ದಿಲ್ಲ. ನೀವಾಗೇ ಬಿಟ್ಟು ಹೋಗ್ತೀವಿ ಅಂದ್ರೆ ಅದು ನಿಮ್ಮಿಷ್ಟ ಆಯ್ತಲ್ಲಮ್ಮ."

ಖಾಲಿ ಮಾಡಿಸಿದ್ದು ನೀವೇ ಅಲ್ಲವೇ ಎಂದು ನಾನು ಕೂಗಾಡಿದೆ. ಅದು ಮುಂಜಾಗ್ರತೆಗೆ ಹೇಳಿದ್ದು ಎಂದು ಅವರು ಮುಂದಿನವರನ್ನು ಕರೆದರು. ಆ ಮುಖಕ್ಕೆ ಉಗಿಯಬೇಕು ಅನಿಸಿತ್ತು. ಈಗಲೂ ಅನಿಸುತ್ತದೆ.

ರಜೆ ಮುಗಿದು ಶಾಲೆ ಶುರುವಾಯಿತು, ನಮ್ಮನ್ನು ಎಬ್ಬಿಸಿದರು. ಬೇರೆ ದಾರಿಯಿಲ್ಲದೆ ಅದೇ ಮನೆಗೆ ಬಂದೆವು. ಗುಡ್ಡದ ಬಿರುಕಿನ ಮೇಲೆ ಯಾರೋ ನೀಲಿ ಟಾರ್ಪಾಲು ಹೊದಿಸಿದ್ದರು, ಸರ್ಕಾರದ ರಕ್ಷಣೆ ಅಷ್ಟೇ. ನಾನು ಬೀಗ ತೆಗೆದು ಒಳಗೆ ಹೋದೆ. ಅತ್ತೆ ಜಗಲಿಯಲ್ಲೇ ಕೂತರು. ಗಂಡ ಕೈಹಿಡಿದು ಎಳೆದರೂ ಏಳಲಿಲ್ಲ.

"ನೀವು ಒಳಿಕ್ಕೆ ಹೋಗ್ರಪ್ಪ. ನಾನು ಮಾತಾಡ್ಬುಟ್ಟಿದೀನಿ, ನಾನು ಬರಂಗಿಲ್ಲ."

ಈ ಮಳೆಗಾಲವಿಡೀ ಅತ್ತೆ ಜಗಲಿಯಲ್ಲೇ ಮಲಗಿದ್ದಾರೆ. ಗಾಳಿ ಬೀಸಿದರೆ ಎರಚಲು ಹಾಸಿಗೆಗೆ ಬೀಳುತ್ತದೆ. ನಾನು ಒಳಗೆ ನಿಂತು ಊಟದ ತಟ್ಟೆಯನ್ನು ಹೊಸ್ತಿಲಾಚೆ ಚಾಚುತ್ತೇನೆ. ತಾವು ಕಟ್ಟಿಸಿದ ಮನೆಯ ಮುಂದೆ, ಭಿಕ್ಷೆಗೆ ಬಂದವರ ಹಾಗೆ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ.